ಏಲಿನ ನಡುವೆ ಒಂದು ತಗ್ಗು

ಹೋರೇಸ್ ಪಿಕರ್ಸ್‌ಗಿಲ್ ತನ್ನ ಜೀವಮಾನದಲ್ಲಿ ಆಡಿದ ಮಾತುಗಳಲ್ಲೆಲ್ಲ ಅತ್ಯಂತ ಅನಾಹುತಕಾರಿಯಾದದ್ದು "ಸ್ವಲ್ಪ ಗೊತ್ತು" ಎಂಬುದು. ಅದನ್ನು ಆಡುವಾಗ ಅವನು ಲೀಡ್ಸ್ ನಗರದ ತನ್ನ ಮನೆಯ ಹಜಾರದಲ್ಲಿ, ಒಂದು ಕೈಯಲ್ಲಿ ಟೀ ಕಪ್ಪು, ಇನ್ನೊಂದರಲ್ಲಿ ಟೆಲಿಫೋನು ಹಿಡಿದು ಆರಾಮವಾಗಿ ನಿಂತಿದ್ದ.

ಫೋನಿನ ಆ ತುದಿಯಲ್ಲಿದ್ದವನು ಆಂಬ್ರೋಸ್ ಥ್ಯಾಕ್ರಾ, ಬೀಗನಾಗಲಿದ್ದವನು. ಹೋರೇಸನ ಒಬ್ಬಳೇ ಮಗಳು ಹೆಸ್ಟರ್ ಆಂಬ್ರೋಸನ ಮಗ ಗಿಡಿಯನ್‌ನನ್ನು ಮೆಚ್ಚಿದ್ದಳು, ಮದುವೆ ಗೊತ್ತಾಗಿತ್ತು, ಆದರೆ ಬೀಗರಿಬ್ಬರೂ ಇನ್ನೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಆಂಬ್ರೋಸ್ ಹ್ಯಾಗ್‌ಥ್ವೇಟ್ ಎಂಬ ಗುಡ್ಡದೂರಿನಲ್ಲಿ 'ನೀಲಿ ಟಗರು' ಹೋಟೆಲಿನ ಹಿತ್ತಲಲ್ಲಿ ಏಲ್ ಎಂಬ ನಾಟಿ ಬಿಯರು ಕಾಯಿಸುತ್ತಿದ್ದ. ಹುದುಗುತ್ತಿರುವ ಏಲನ್ನು ಬಿಟ್ಟು ಗುಡ್ಡ ಇಳಿಯುವುದು ತೊಟ್ಟಿಲ ಕೂಸನ್ನು ಬಿಟ್ಟು ಜಾತ್ರೆಗೆ ಹೋದ ಹಾಗೆ ಎಂದು ಅವನ ಎಣಿಕೆ. ಇತ್ತ ಹೋರೇಸನಿಗೆ ಹಾಸಿಗೆ ಅಂಗಡಿ. ರಿಯಾಯಿತಿ ಮಾರಾಟದ ಕಾಲ. ಹೀಗಾಗಿ ಎಲ್ಲವೂ ಫೋನಿನಲ್ಲೇ ನಡೆಯಿತು. ಮಾತಿನ ಕೊನೆಗೆ ಆಂಬ್ರೋಸ್, ಏಲಿನ ವಿಷಯ ತಮಗೆ ಗೊತ್ತೋ ಎಂದು ಕೇಳಿದ.

ಗೊತ್ತಿಲ್ಲ ಎಂದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೋರೇಸ್ ಕುಡಿಯುತ್ತಿದ್ದುದು ಟೀ. ಕ್ರಿಸ್‌ಮಸ್ಸಿಗೆ ಒಂದು ಪುಟ್ಟ ಲೋಟ ಸಿಹಿ ಶೆರಿ, ಅದೂ ಹೆಂಡತಿ ಬಲವಂತ ಮಾಡಿದರೆ. ಆದರೆ ಬೀಗರ ಎದುರು ಏನೂ ತಿಳಿಯದವನು ಎನಿಸಿಕೊಳ್ಳಲು ಯಾವ ತಂದೆಗೆ ಮನಸ್ಸು ಬಂದೀತು? ಸ್ವಲ್ಪ ಗೊತ್ತು ಎಂದ.

ನಮ್ಮ ಯಾರ್ಕ್‌ಶೈರ್ ಗುಡ್ಡಗಳ ಕಡೆ ಮಾತಿಗೆ ಬೇರೆಯೇ ತೂಕವಿದೆ. ಮೂರು ದಿನ ಹಿಮದಲ್ಲಿ ಹೂತುಹೋಗಿ ಬದುಕಿ ಬಂದವನು ಕೊಂಚ ಚಳಿ ಇತ್ತು ಎನ್ನುತ್ತಾನೆ. ಚರ್ಚಿನ ಆರ್ಗನ್ನನ್ನು ಬಿಚ್ಚಿ ಮತ್ತೆ ಜೋಡಿಸಿದವನು ಸಂಗೀತ ಅಷ್ಟಿಷ್ಟು ಎನ್ನುತ್ತಾನೆ. ಅಂಥ ಊರಿನವರಿಗೆ ಒಬ್ಬನು ಏಲಿನ ವಿಷಯ ಸ್ವಲ್ಪ ಗೊತ್ತು ಎಂದನೆಂದರೆ ಅದರ ಅರ್ಥವೇನು? ಆಂಬ್ರೋಸ್ ಫೋನು ಇಟ್ಟು, ಟೋಪಿ ತೆಗೆದು, ಹೋಟೆಲಿನ ಒಡತಿ ಡಾರ್ಕಸ್ ಬೀವರ್ಸ್ ಬಳಿಗೆ ಹೋಗಿ, ಬರುತ್ತಿರುವವರು ಸಾಮಾನ್ಯರಲ್ಲ ಎಂದ. ಸಂಜೆಯ ಹೊತ್ತಿಗೆ ಇಡೀ ಹ್ಯಾಗ್‌ಥ್ವೇಟಿಗೆ ಸುದ್ದಿ ಮುಟ್ಟಿತು. ಹಾಸಿಗೆ ಮಾರುವುದೇನೋ ನಿಜ, ಹೊಟ್ಟೆಪಾಡಿಗೆ ಏನಾದರೂ ಮಾಡಬೇಕಲ್ಲ, ಒಳಗಡೆ ಮನುಷ್ಯ ಏಲಿನ ಮಹಾಪಂಡಿತ ಎಂದು ಜನ ತೀರ್ಮಾನಿಸಿದರು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಹೋರೇಸ್, ಹೆಂಡತಿ ವಿನಿಫ್ರೆಡ್, ಮಗಳು ಹೆಸ್ಟರ್ ಮೂವರೂ ಕಾರಿನಲ್ಲಿ ಗುಡ್ಡ ಹತ್ತಿದರು. ದಾರಿಯುದ್ದಕ್ಕೂ ಹೆಸ್ಟರ್ ತಂದೆಗೆ ಪಾಠ ಹೇಳಿದಳು. ಅಲ್ಲಿ ತಣ್ಣಗಿಟ್ಟ ಬಾಟಲಿ ಬಿಯರು ಕೇಳಬಾರದು. ಏಲಿಗೆ ಸಕ್ಕರೆ ಕೇಳಬಾರದು. ಆದಷ್ಟು ಸುಮ್ಮನಿರಬೇಕು. ಹೋರೇಸ್ ಎಲ್ಲಕ್ಕೂ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

'ನೀಲಿ ಟಗರು' ಗುಡ್ಡದ ಓರೆಗೆ ಅಂಟಿಕೊಂಡ ಕಲ್ಲುಕಟ್ಟಡ. ಕಟ್ಟಿದವನು ಗುಡ್ಡವನ್ನು ಸಮ ಮಾಡುವ ಗೋಜಿಗೆ ಹೋಗದೆ ಗುಡ್ಡ ಹೇಗಿತ್ತೋ ಹಾಗೆಯೇ ನೆಲ ಹಾಸಿದ್ದ. ಆದ್ದರಿಂದ ಬಾರಿನಲ್ಲಿ ಮೇಜಿನ ಮೇಲಿಟ್ಟ ಗ್ಲಾಸು ತಾನಾಗಿ ಕಿಟಕಿಯ ಕಡೆಗೆ ಹೊರಡುತ್ತಿತ್ತು. ಊರಿನವರು ಮಾತಾಡುತ್ತಲೇ, ನೋಡದೆಯೇ ಕೈಚಾಚಿ ಅದನ್ನು ಹಿಡಿದು ವಾಪಸು ತರುತ್ತಿದ್ದರು. ಹೋರೇಸ್ ಒಳಗೆ ಬಂದಾಗ ಬಾರು ತುಂಬಿತ್ತು. ಎಲ್ಲರೂ ಭಾನುವಾರದ ಕೋಟು ತೊಟ್ಟಿದ್ದರು. ಪಾದ್ರಿ ಕಟ್‌ಬರ್ಟ್ ಇದ್ದರು. ಕುರಿ ಕಾಯುವುದರಿಂದ ನಿವೃತ್ತನಾಗಿ ಒಲೆಯ ಪಕ್ಕದ ಕುರ್ಚಿಯನ್ನು ಕಾಯುತ್ತಿದ್ದ ಮುದುಕ ಈನಕ್ ಇದ್ದ. ಎಲ್ಲರಿಗಿಂತ ಮುಂದೆ, ಗಡ್ಡದ ಹಿಂದೆ ಮುಖ ಅಡಗಿಸಿಕೊಂಡ ಭಾರೀ ಆಳು ಆಂಬ್ರೋಸ್. ಅವನು ಹೋರೇಸನ ಕೈ ಕುಲುಕಿ, ಬಂದಿರಾ ಎಂದ. ಅಷ್ಟು ಮಾತು ಆ ಮನುಷ್ಯನ ಬಾಯಿಂದ ಹೊರಬಿದ್ದದ್ದಕ್ಕೆ ಅವನ ಮಗನೇ ಬೆರಗಾದ.

ಡಾರ್ಕಸ್ ಬೀವರ್ಸ್ ಕೈಪಂಪು ಎಳೆದು ಮೊದಲ ಗ್ಲಾಸು ತುಂಬಿಸಿದಳು. ಅದರ ಹೆಸರು 'ಒದ್ದೆ ಕುರಿ'. ಗುಡ್ಡದ ಆಚೆ ಬದಿಯ ಏಲು. ಹೋರೇಸ್ ಒಂದು ಗುಟುಕು ಹೀರಿದ. ತುಕ್ಕು ಹಿಡಿದ ಬಾಗಿಲ ಚಿಲಕವನ್ನು ನೆಕ್ಕಿದಂತಾಯಿತು. ಸುತ್ತಲೂ ಇದ್ದವರು ಅವನ ಬಾಯಿಯನ್ನೇ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು. ಮೂವತ್ತು ವರ್ಷ ಹಾಸಿಗೆ ಅಂಗಡಿಯಲ್ಲಿ ಪಳಗಿದ ನಾಲಿಗೆ ಯಜಮಾನನನ್ನು ಕೇಳದೆ ತಾನೇ ಹೊರಟುಬಿಟ್ಟಿತು.

"ಮೊದಲಿಗೆ ಗಟ್ಟಿ ಅನ್ಸುತ್ತೆ," ಎಂದ ಹೋರೇಸ್. "ಆದ್ರೆ ಮೈ ಬಿಟ್ಟು ಸುಮ್ಮನಿದ್ರೆ ನಿಧಾನಕ್ಕೆ ಒಳಗೆ ತಗೊಳ್ಳುತ್ತೆ."

ಮೇಜಿನ ಮೇಲೆ ಎರಡು ಗ್ಲಾಸು ಕಿಟಕಿಯ ಕಡೆ ಹೊರಟವು, ಯಾರೂ ಹಿಡಿಯಲಿಲ್ಲ.

"ಅದೇ," ಎಂದ ಮುದುಕ ಈನಕ್. "ಜೀವಮಾನ ಪೂರ್ತಿ ಕುಡಿದಿದೀನಿ, ಈ ಮಾತು ನಾಲಿಗೆ ತುದೀಲೇ ಇತ್ತು, ಹೊರಗೆ ಬರ್ತಿರ್ಲಿಲ್ಲ ನೋಡಿ."

ಎರಡನೆಯದು 'ಕುಂಟ ಪಾದ್ರಿ'. ಇದು ಸೊಂಟಕ್ಕೆ ಒಳ್ಳೆಯದು, ಬೆನ್ನನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತದೆ ಎಂದು ಹೋರೇಸ್ ತೀರ್ಪು ಕೊಟ್ಟ. ಹಲವು ವರ್ಷಗಳಿಂದ ಬೆನ್ನುನೋವಿನಲ್ಲಿ ನರಳುತ್ತಿದ್ದ ಪಾದ್ರಿ ಕಟ್‌ಬರ್ಟ್ ಸದ್ದಿಲ್ಲದೆ ತಮ್ಮ ಗ್ಲಾಸನ್ನು ಡಾರ್ಕಸ್ ಕಡೆಗೆ ಸರಿಸಿ, ಅದನ್ನೇ ಇನ್ನೊಂದು ಎಂದರು. ಮೂರನೆಯದು 'ಅಜ್ಜಿಯ ಮೊಣಕೈ'. ಅದರ ಬಗ್ಗೆ ಹೋರೇಸ್, ಇಬ್ಬರು ಇದ್ದರೂ ಒಬ್ಬರು ಹೊರಳಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ ಎಂದ. ವಿಧವೆ ಡಾರ್ಕಸಳ ಕೆನ್ನೆ ಕೆಂಪಾಯಿತು. ಹೆಸ್ಟರ್ ಗಿಡಿಯನ್‌ನ ತೋಳು ಅದುಮಿದಳು. ತಂದೆಯ ಬಗ್ಗೆ ಅವಳಿಗೆ ಹೆಮ್ಮೆಯೆನಿಸಿದ್ದು ಅದೇ ಮೊದಲು. ವಿನಿಫ್ರೆಡ್ ಮಾತ್ರ ಗಂಡನನ್ನೇ ನೋಡುತ್ತಿದ್ದಳು. ಮೂರು ಗ್ಲಾಸು ಇಳಿದ ಮೇಲೆ ಹೋರೇಸನ ಕಿವಿಗಳು ಕೆಂಪಗೆ ಬೆಳಗತೊಡಗಿದ್ದವು. ಇನ್ನು ಸಾಕು ಎಂದು ಅವಳು ಮೇಜಿನ ಕೆಳಗೆ ಕಾಲಿನಿಂದ ತಿವಿದಳು. ತಿವಿದದ್ದು ಪಾದ್ರಿಗೆ. ಅವರು ಕ್ಷಮೆ ಕೇಳಿದರು.

ಆಗ ಆಂಬ್ರೋಸ್ ತಾನೇ ಒಳಗೆ ಹೋಗಿ ನಾಲ್ಕನೆಯ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಅದು 'ಮದುಮಗಳ ಏಲು'. ಮಗನ ಮದುವೆಗೆಂದು ಚಳಿಗಾಲವಿಡೀ ಕಾದು ಕುಳಿತು ಮಾಡಿದ್ದು. ಅಂದಿನವರೆಗೆ ಊರಿನಲ್ಲಿ ಅವನ ಹೊರತು ಯಾರೂ ರುಚಿ ನೋಡಿರಲಿಲ್ಲ. ಹೋರೇಸ್ ಕುಡಿದ. ಹೇಳಲು ಬಾಯಿ ತೆರೆದ. ಆಗ ತಿಳಿಯಿತು, ಹಾಸಿಗೆಯನ್ನು ಹೊಗಳುವ ಮಾತುಗಳೆಲ್ಲ ಮುಗಿದುಹೋಗಿದ್ದವು. ಉಳಿದಿದ್ದವು ಹಳೇ ಹಾಸಿಗೆ ಹೊತ್ತು ತಂದು ಜಗಳವಾಡುವ ಗಿರಾಕಿಗಳ ಮಾತು.

"ನಡುವೆ ಸ್ವಲ್ಪ ತಗ್ಗಿದೆ," ಎಂದ ಹೋರೇಸ್.

ಆಂಬ್ರೋಸ್ ಹೌದಾ ಎಂದ. ಆಮೇಲೆ, ಹವಾ ಹೇಗಿದೆ ನೋಡಿ ಬರುತ್ತೇನೆ ಎಂದು ಹೊರಗೆ ಹೋದ. ಬೇರೆ ಕಡೆಯ ಮನುಷ್ಯನಾಗಿದ್ದರೆ ಬಟ್ಟೆ ಹರಿದುಕೊಂಡು ಬೀದಿಯಲ್ಲಿ ಹೊರಳಾಡುತ್ತಿದ್ದ. ಹ್ಯಾಗ್‌ಥ್ವೇಟಿನಲ್ಲಿ ಹವಾ ನೋಡಲು ಹೋಗುವುದೆಂದರೆ ಅದೇ.

ಈಗ ಒಬ್ಬೊಬ್ಬರಾಗಿ ಆ ಗ್ಲಾಸನ್ನು ಕೈಗೆ ತೆಗೆದುಕೊಂಡರು. ಪಾದ್ರಿ ಒಂದು ಗುಟುಕು ಕುಡಿದು ಕಣ್ಣುಮುಚ್ಚಿ, ಹೌದು, ಅಲ್ಲೊಂದು ಕಡೆ ಕಾಲು ಜಾರುತ್ತದೆ ಎಂದರು. ಡಾರ್ಕಸ್ ಕುಡಿದಳು, ಮೊದಲು ಸರಿಯಾಗಿಯೇ ಇದೆ, ಕೊನೆಗೂ ಸರಿಯಾಗಿಯೇ ಇದೆ, ಮಧ್ಯೆ ಮಾತ್ರ ಯಾರೋ ಎದ್ದುಹೋದ ಹಾಗಿದೆ ಎಂದಳು. ಈನಕ್ ಎರಡು ಸಲ ಕುಡಿದ. ಮೊದಲ ಸಲ ತಗ್ಗು ಸಿಗಲಿಲ್ಲವಂತೆ, ಎರಡನೇ ಸಲ ಪೂರ್ತಿ ಅದರೊಳಗೆ ಬಿದ್ದನಂತೆ. ಹೊರಗಿನಿಂದ ಒಳಬಂದ ಅಂಚೆಯವಳು ವಿಷಯವೇನೆಂದು ತಿಳಿಯದೆಯೇ ಒಂದು ಗುಟುಕು ಹೀರಿ, ಇದಕ್ಕೆ ಏನೋ ಆಗಿದೆ ಎಂದಳು. ಅದರಿಂದ ಎಲ್ಲರ ಸಂಶಯವೂ ತೀರಿತು.

ಅಷ್ಟರಲ್ಲಿ ತಂದೆಯನ್ನು ಹುಡುಕಿಕೊಂಡು ಹೋಗಿದ್ದ ಗಿಡಿಯನ್ ಹೊರಗಿನಿಂದ ಬಂದ. ತಂದೆ ನೆಲಮಾಳಿಗೆಯಲ್ಲಿ ಪೀಪಾಯಿಯ ಪಕ್ಕ ಕುಳಿತಿದ್ದಾರೆ, ತಗ್ಗಿರುವ ಏಲು ಕುಡಿಸಿ ಮದುವೆ ಮಾಡಿದ ಥ್ಯಾಕ್ರಾ ನಮ್ಮ ವಂಶದಲ್ಲಿ ಯಾರೂ ಇಲ್ಲ ಎನ್ನುತ್ತಿದ್ದಾರೆ, ಹೊಸದಾಗಿ ಮಾಡಿ ಹದಕ್ಕೆ ಬರುವವರೆಗೆ ಮದುವೆ ನಿಲ್ಲಲಿ ಎಂದಿದ್ದಾರೆ ಎಂದ. ಹದಕ್ಕೆ ಬರುವುದು ಯಾವಾಗ ಎಂದು ವಿನಿಫ್ರೆಡ್ ಕೇಳಿದಳು. ಬರುವ ವಸಂತಕ್ಕೆ ಎಂದ.

ಹೆಸ್ಟರ್ ತಂದೆಯ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು.

"ಅಪ್ಪಾ, ನಿಂಗೆ ಏಲು ಬಗ್ಗೆ ಏನು ಗೊತ್ತು?"

"ಏನೂ ಗೊತ್ತಿಲ್ಲ ಕಣಮ್ಮ," ಎಂದ ಹೋರೇಸ್.

"ಹಾಗಾದ್ರೆ ಎಲ್ಲರ ಮುಂದೆ ಹಾಗೇ ಹೇಳು."

ಹೋರೇಸ್ ಎದ್ದು ನಿಂತ. ನೆಲದ ಓರೆ, ಹೊಟ್ಟೆಯ ಏಲು ಎರಡೂ ಸೇರಿ ಅವನನ್ನು ಕಿಟಕಿಯ ಕಡೆ ಎಳೆದವು. ಅಭ್ಯಾಸದಂತೆ ಯಾರೋ ಕೈಚಾಚಿ ಹಿಡಿದು ವಾಪಸು ತಂದರು. ಅವನು ಎದೆಯ ಮೇಲೆ ಕೈಯಿಟ್ಟು, ತನಗೆ ಏಲಿನ ವಿಷಯ ಎಳ್ಳಷ್ಟೂ ಗೊತ್ತಿಲ್ಲ, ಆಡಿದ್ದೆಲ್ಲ ಹಾಸಿಗೆಯ ಮಾತು, ತಗ್ಗು ಗಿಗ್ಗು ಏನೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದ.

ಸ್ವಲ್ಪ ಗೊತ್ತು ಎಂದವನನ್ನು ಪಂಡಿತನೆಂದು ತಿಳಿದ ಜನ, ಏನೂ ಗೊತ್ತಿಲ್ಲ ಎಂದವನನ್ನು ಏನೆಂದು ತಿಳಿಯಬೇಕು? ಪಾದ್ರಿಯ ಕಣ್ಣು ತೇವಗೊಂಡಿತು. ಬೀಗರ ಮನಸ್ಸು ನೋಯಬಾರದೆಂದು ತನ್ನ ವಿದ್ಯೆಯನ್ನೇ ಅಲ್ಲಗಳೆಯುತ್ತಿದ್ದಾರೆ, ಎಂಥ ದೊಡ್ಡ ಗುಣ ಎಂದರು. ಹೋರೇಸ್ ದೇವರಾಣೆ ಎಂದ. ಬೀಗರಿಗಾಗಿ ಅವನು ಪಾದ್ರಿಯ ಎದುರಿಗೇ ದೇವರಾಣೆ ಹಾಕುವುದನ್ನು ಕಂಡು ಜನ ಇನ್ನೂ ಕರಗಿದರು. ವಿನಿಫ್ರೆಡ್ ಮಧ್ಯೆ ಬಾಯಿಹಾಕಿ, ಇವರು ಮನೆಯಲ್ಲಿ ಟೀ ಬಿಟ್ಟು ಬೇರೇನೂ ಕುಡಿಯುವುದಿಲ್ಲ ಎಂದಳು. ನಾಲಿಗೆಯನ್ನು ಹಾಗೆ ಜೋಪಾನ ಮಾಡಿಕೊಂಡಿದ್ದಾರೆ ಎಂದು ಡಾರ್ಕಸ್ ಎಲ್ಲರಿಗೂ ವಿವರಿಸಿದಳು.

ಆಗ ಬಾಗಿಲಲ್ಲಿ ಆಂಬ್ರೋಸ್ ಕಾಣಿಸಿಕೊಂಡ. ಗಡ್ಡದಲ್ಲಿ ಜೇಡರ ಬಲೆ. ನೆಟ್ಟಗೆ ಹೋರೇಸನ ಮುಂದೆ ಬಂದು ನಿಂತ.

"ತಗ್ಗು ಹೋಗೋಕೆ ಏನ್ಮಾಡ್ಬೇಕು?" ಎಂದು ಕೇಳಿದ.

ಈ ಪ್ರಶ್ನೆಯನ್ನು ಹೋರೇಸ್ ಮೂವತ್ತು ವರ್ಷ ದಿನಬೆಳಗಾದರೆ ಕೇಳಿದ್ದ. ಉತ್ತರ ನಾಲಿಗೆಯಿಂದ ಜಾರಿಬಿತ್ತು, ಹಿಡಿಯುವಷ್ಟು ಹೊತ್ತೂ ಸಿಗಲಿಲ್ಲ.

"ತಿರುವಿ ಹಾಕಿ."

ಪೀಪಾಯಿಯಲ್ಲೇ ಹದಗೊಳ್ಳುವ ಏಲನ್ನು ಬಲ್ಲವರಿಗೆ ಇದಕ್ಕಿಂತ ಘೋರವಾದ ಸಲಹೆ ಇರಲಾರದು. ತಳದಲ್ಲಿ ಮಡ್ಡಿ ಕುಳಿತಿರುತ್ತದೆ. ಒಮ್ಮೆ ಮಲಗಿಸಿದ ಪೀಪಾಯಿಯನ್ನು ಮುಟ್ಟಬಾರದು, ಅದರ ಪಕ್ಕ ಜೋರಾಗಿ ಸೀನಬಾರದು. 'ನೀಲಿ ಟಗರಿ'ನ ನೆಲಮಾಳಿಗೆಗೆ ಬೆಕ್ಕನ್ನು ಸಹ ಬಿಡುತ್ತಿರಲಿಲ್ಲ. ಆದರೆ ಆಂಬ್ರೋಸ್ ಗಡ್ಡ ಸವರಿಕೊಳ್ಳುತ್ತ ಬಹಳ ಹೊತ್ತು ಯೋಚಿಸಿದ. ತನ್ನ ತಂದೆ, ತಾತ, ಮುತ್ತಾತ ಯಾರೂ ಇದನ್ನು ಮಾಡಿ ನೋಡಿರಲಿಲ್ಲ, ಅದಕ್ಕೇ ತಗ್ಗು ಉಳಿದಿದ್ದಿರಬೇಕು ಎಂದ. ವಾದಿಸಲು ಯಾರಿಗೂ ಧೈರ್ಯವಾಗಲಿಲ್ಲ.

ನೆಲಮಾಳಿಗೆಯ ಸೂರು ತಗ್ಗು. ಅಲ್ಲಿ ಆನೆಗಾತ್ರದ ಮದುವೆಯ ಪೀಪಾಯಿಯನ್ನು ತಿರುವಲು ಜಾಗವಿರಲಿಲ್ಲ. ಆದ್ದರಿಂದ ಊರಿನ ಗಟ್ಟಿಗರೆಲ್ಲ ಸೇರಿ ಅದನ್ನು ಅಂಗಳಕ್ಕೆ ಉರುಳಿಸಿ ತಂದರು. ಮರದ ಬೆಣೆ ಇಟ್ಟು ನಿಲ್ಲಿಸಿದರು. ಹೋರೇಸ್ ಒಂದು ಬದಿಯಲ್ಲಿ ನಿಂತು, ಬೇಡ, ದಯವಿಟ್ಟು ಬೇಡ ಎನ್ನುತ್ತಿದ್ದ. ಅದೂ ಬೀಗರ ಸೌಜನ್ಯವೆಂದು ಪರಿಗಣಿತವಾಯಿತು. ಆಂಬ್ರೋಸ್ ಒಂದು ಕಡೆ, ಗಿಡಿಯನ್ ಇನ್ನೊಂದು ಕಡೆ ಹೆಗಲು ಕೊಟ್ಟು ತಿರುವಿದರು. ಪೀಪಾಯಿ ಒಂದು ಸುತ್ತು ತಿರುಗಿತು. ಅದಕ್ಕೆ ಅದು ಹಿತವೆನಿಸಿತೋ ಏನೋ, ಇನ್ನೊಂದು ಸುತ್ತು ತಾನಾಗಿ ತಿರುಗಿತು. ಬೆಣೆ ಹಾರಿಹೋಯಿತು.

ಗುಡ್ಡದ ಊರು. ಹೋಟೆಲಿನಿಂದ ಕೆಳಗೆ ಒಂದೇ ಬೀದಿ.

ಪೀಪಾಯಿ ಅಂಚೆಕಚೇರಿಯ ಮುಂದೆ ಗಂಭೀರವಾಗಿ ಹಾದುಹೋಯಿತು. ಹಿಂದೆ ಇಡೀ ಬಾರು ಓಡುತ್ತಿತ್ತು. ಮುಂದೆ ಆಂಬ್ರೋಸ್, ಕೊನೆಯಲ್ಲಿ ತನ್ನ ಗ್ಲಾಸು ತುಳುಕದಂತೆ ಹಿಡಿದ ಈನಕ್. ತಿರುವಿನಲ್ಲಿ ಪೀಪಾಯಿ ತಿರುಗಲಿಲ್ಲ. ಬೇಲಿ ಮುರಿದು ಕ್ರಿಕೆಟ್ ಮೈದಾನಕ್ಕೆ ನುಗ್ಗಿತು. ಅಲ್ಲಿ ಪಕ್ಕದ ಕಣಿವೆಯವರೊಂದಿಗೆ ಪಂದ್ಯ ನಡೆಯುತ್ತಿತ್ತು. ಗಡಿಯ ಬಳಿಯಿದ್ದ ಫೀಲ್ಡರ್ ಅಭ್ಯಾಸಬಲದಿಂದ ಮಂಡಿಯೂರಿ ಕೈಯೊಡ್ಡಿದ. ಕೊನೇ ಗಳಿಗೆಯಲ್ಲಿ ಅವನಿಗೆ ಹೆಂಡತಿ ಮಕ್ಕಳು ನೆನಪಾಗಿ ಪಕ್ಕಕ್ಕೆ ಉರುಳಿದ. ಪೀಪಾಯಿ ಗಡಿ ದಾಟಿತು. ಅಂಪೈರ್ ನಾಲ್ಕು ರನ್ನೆಂದು ಕೈಬೀಸಿದ. ಆ ನಾಲ್ಕು ಯಾರ ಖಾತೆಗೆ ಎಂಬ ಜಗಳದಿಂದ ಎರಡೂ ತಂಡಗಳ ನಡುವೆ ಇಂದಿಗೂ ಮಾತುಕತೆಯಿಲ್ಲ.

ಅಲ್ಲಿಂದ ಪೀಪಾಯಿ ಚರ್ಚಿನ ಆವರಣಕ್ಕೆ ಇಳಿದು, ನೆಟ್ಟಗೆ ಹೋಗಿ, ಚರ್ಚಿನ ಬಾಗಿಲಲ್ಲಿ ಸಿಕ್ಕಿಕೊಂಡು ನಿಂತಿತು. ಎಷ್ಟು ಬಿಗಿಯಾಗಿ ಎಂದರೆ, ಕಲ್ಲಿನ ಚೌಕಟ್ಟನ್ನು ಅದರ ಅಳತೆಗೇ ಕೆತ್ತಿಸಿದಂತಿತ್ತು. ಒಂದು ತೊಟ್ಟೂ ಸೋರಿರಲಿಲ್ಲ. ಎಳೆದರು, ನೂಕಿದರು, ಒಂದು ಜೊತೆ ಕುದುರೆ ಕಟ್ಟಿದರು. ಅಲುಗಲಿಲ್ಲ. ತುಂಬಿದ ಪೀಪಾಯಿ, ಬರಿದಾದರೆ ಮಾತ್ರ ಹೊರಗೆ ತೆಗೆಯಬಹುದು ಎಂದು ಕಮ್ಮಾರ ಹೇಳಿದ. ಹಾಗಾದರೆ ಏಲನ್ನು ಸುರಿದುಬಿಡೋಣ ಎಂದು ಅಪರಿಚಿತನೊಬ್ಬ ಅಂದ. ಜನ ಅವನನ್ನು ನೋಡಿದ ರೀತಿಗೆ ಅವನು ಅಂದೇ ಊರು ಬಿಟ್ಟ.

ಅಲುಗಾಡಿದ ಏಲು ರಾತ್ರಿಯಿಡೀ ತಣ್ಣಗೆ ಕೂರಲಿ, ನಾಳೆ ಬೆಳಿಗ್ಗೆ ರುಚಿ ನೋಡಿ ಮದುವೆಯ ಮಾತು ಹೇಳುತ್ತೇನೆ ಎಂದು ಆಂಬ್ರೋಸ್ ಹೇಳಿದ. ವಿನಿಫ್ರೆಡ್ ಅಂದು ಗಂಡನಿಗೆ ಊಟದ ಮೇಜಿನಲ್ಲಿ ಉಪ್ಪು ಸಹ ಕೊಡಲಿಲ್ಲ. ಹೆಸ್ಟರ್ ಅವನ ಮುಖ ನೋಡಲಿಲ್ಲ.

ಬೆಳಿಗ್ಗೆ ಊರಿಗೆ ಊರೇ ಚರ್ಚಿನ ಮುಂದೆ ಸೇರಿತು. ಪಾದ್ರಿ ಕಟ್‌ಬರ್ಟ್ ಹಿಂದಿನ ಕಿಟಕಿಯಿಂದ ಒಳಗೆ ಇಳಿದು, ಬೆನ್ನು ಹಿಡಿದುಕೊಂಡು, ಪೀಪಾಯಿಯ ಆಚೆ ನಿಂತಿದ್ದರು. ಅವರ ತಲೆ ಮತ್ತು ಪುಸ್ತಕ ಮಾತ್ರ ಕಾಣುತ್ತಿದ್ದವು. ಮದುವೆ ಚರ್ಚಿನ ಒಳಗೇ ಆಗಬೇಕೆಂಬ ನಿಯಮದ ಬಗ್ಗೆ ಅವರು ಯೋಚಿಸಿ, ಉಂಗುರ ತೊಡಿಸುವುದು ಕೈಗೆ, ಆದ್ದರಿಂದ ಕೈಗಳು ಒಳಗಿದ್ದರೆ ಸಾಕು ಎಂಬ ನಿರ್ಧಾರಕ್ಕೆ ಬಂದಿದ್ದರು. ಹೆಸ್ಟರ್ ಬಿಳಿ ಉಡುಪಿನಲ್ಲಿ, ಗಿಡಿಯನ್ ತಂದೆಯ ಹಳೆಯ ಕೋಟಿನಲ್ಲಿ ಈಚೆ ಕಾದು ನಿಂತರು.

ಆಂಬ್ರೋಸ್ ಪೀಪಾಯಿಗೆ ನಲ್ಲಿ ಬಡಿದ. ಒಂದು ಗ್ಲಾಸು ತುಂಬಿಸಿದ. ಅದರ ಬಣ್ಣ ಕುರಿ ದಾಟಿದ ಹಳ್ಳದ ಬಣ್ಣ. ಬೆಳಕಿಗೆ ಹಿಡಿದ, ಬೆಳಕು ಈಚೆಗೆ ಬರಲಿಲ್ಲ. ಅರ್ಧ ಕುಡಿದ. ಉಳಿದರ್ಧವನ್ನು ಹೋರೇಸನ ಕೈಗೆ ಕೊಟ್ಟ.

ಹೋರೇಸ್ ಕುಡಿದ. ಅದರಲ್ಲಿ ಮಣ್ಣಿತ್ತು, ಒದ್ದೆ ಗೋಣಿಯಿತ್ತು, ಹಲ್ಲಿಗೆ ಸಿಗುವಂಥ ಇನ್ನೂ ಏನೋ ಇತ್ತು. ಇದಕ್ಕೆ ಹೋಲಿಸಿದರೆ ನಿನ್ನೆ ಇದೇ ಏಲು ಎಷ್ಟು ಸೊಗಸಾಗಿತ್ತು ಎಂಬುದು ಅವನಿಗೆ ಈಗ ಚೆನ್ನಾಗಿ ತಿಳಿಯಿತು. ತಲೆಯೆತ್ತಿದ. ಎದುರಿಗೆ ಮಗಳು. ಹಿಂದಿನ ದಿನದಿಂದ ಮೊದಲ ಬಾರಿಗೆ ಅವಳು ಅವನ ಮುಖ ನೋಡುತ್ತಿದ್ದಳು.

"ಸಮ ಆಗಿದೆ," ಎಂದ ಹೋರೇಸ್. "ಈ ತುದಿಯಿಂದ ಆ ತುದಿಗೆ ಸಮ. ತಗ್ಗಿನ ಗುರುತೂ ಇಲ್ಲ."

ಆಂಬ್ರೋಸ್ ನಿಧಾನವಾಗಿ ತಲೆಯಾಡಿಸಿ, ಪಾದ್ರಿಗೆ ಶುರು ಮಾಡಿ ಎಂದ. ಪೀಪಾಯಿಯ ಮೇಲಿಂದ ಎರಡು ಕೈ ಒಳಗೆ ಚಾಚಿದವು, ಎರಡು ಉಂಗುರ ತೊಡಿಸಲ್ಪಟ್ಟವು, ಹಿಂದಿನ ಸಾಲಿನವರಿಗೆ ಕೇಳಲೆಂದು ಪಾದ್ರಿ ಎಲ್ಲವನ್ನೂ ಎರಡೆರಡು ಸಲ ಹೇಳಿದರು. ಆಮೇಲೆ ಚರ್ಚಿನ ಬಾಗಿಲು ಬಿಡಿಸುವ ಪವಿತ್ರ ಕೆಲಸ ಆರಂಭವಾಯಿತು. ಊರಿನವರು ಗ್ಲಾಸು, ಜಗ್ಗು, ಹೂದಾನಿ ಹಿಡಿದು ಸಾಲಾಗಿ ನಿಂತರು. ಮುಖ ಕಿವಿಚಿಕೊಂಡು ಕುಡಿದು, ತಗ್ಗು ಹೋದದ್ದು ಎಂಥ ವ್ಯತ್ಯಾಸ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಈನಕ್ ಸಾಲಿನ ಕೊನೆಗೆ ಹೋಗಿ ಮತ್ತೆ ಮತ್ತೆ ಬರುತ್ತಿದ್ದ. ಹೆಸ್ಟರ್ ಬಂದು ತಂದೆಯ ಕೆನ್ನೆಗೆ ಮುತ್ತಿಟ್ಟು, ಇನ್ನು ಬಾಯಿ ತೆರೆಯಬೇಡ ಎಂದು ಕಿವಿಯಲ್ಲಿ ಹೇಳಿ ಹೋದಳು.

ಸಂಭ್ರಮದ ನಡುವೆ ಹೋರೇಸ್ ಬೀಗನನ್ನು ಗೋಡೆಯ ಮರೆಗೆ ಕರೆದೊಯ್ದ. ತಾನು ನಿಜಕ್ಕೂ ಬರೀ ಹಾಸಿಗೆ ವ್ಯಾಪಾರಿ, ಏಲನ್ನು ಬಾಯಿಗಿಟ್ಟದ್ದೇ ನಿನ್ನೆ ಮೊದಲು, ಇದನ್ನಾದರೂ ನಂಬಬೇಕು ಎಂದು ಬೇಡಿಕೊಂಡ.

"ನಂಬಿದೀನಿ," ಎಂದ ಆಂಬ್ರೋಸ್. "ಮೊದಲನೇ ಗುಟುಕಿಗೇ ನಿಮ್ಮ ಮುಖ ನೋಡ್ದೆ. ಚಿಲಕ ನೆಕ್ಕಿದೋರ ಥರ ಇತ್ತು."

"ಮತ್ತೆ ಯಾಕೆ ಇಷ್ಟೆಲ್ಲ?"

"ತಗ್ಗಿತ್ತಲ್ಲ," ಎಂದ ಆಂಬ್ರೋಸ್. "ಚಳಿಗಾಲ ಪೂರ್ತಿ ಕುಡಿದು ನೋಡ್ತಾ ಇದ್ದೆ, ಏನೋ ಸರಿ ಇಲ್ಲ, ಏನು ಅಂತ ಸಿಕ್ತಿರ್ಲಿಲ್ಲ. ಹೊರಗಿನ ಏಲು ಬಲ್ಲೋರಿಗೆಲ್ಲ ತೋರಿಸ್ದೆ, ಅವರು ಕಹಿಗೆ ಹಾಕೋ ಹಾಪ್ ಹೂವು ಅಂದ್ರು, ನೀರು ಅಂದ್ರು. ತಗ್ಗು ಹಿಡಿಯೋಕೆ ಹಾಸಿಗೆಯೋರೇ ಬೇಕಲ್ವಾ."

ಇಬ್ಬರೂ ಗೋಡೆಗೆ ಒರಗಿ ಗುಡ್ಡ ನೋಡಿದರು.

ಅಷ್ಟರಲ್ಲಿ ಆವರಣದ ಗೇಟಿನಿಂದ ತೆಳ್ಳನೆಯ ಮನುಷ್ಯನೊಬ್ಬ ಬಂದ. ಪಕ್ಕದ ಕಣಿವೆಯಲ್ಲಿ ಏಲ್ ಕಾಯಿಸುವವನು. ಎದೆಗವುಚಿಕೊಂಡಿದ್ದ ಮುಚ್ಚಳದ ಹೂಜಿಯನ್ನು ಹೋರೇಸನ ಮುಂದೆ ಹಿಡಿದು, ನಿನ್ನೆ ಕ್ರಿಕೆಟ್ ಮೈದಾನದಲ್ಲಿ ನಿಮ್ಮ ವಿಷಯ ಕೇಳಿದೆ, ನಮ್ಮದನ್ನೂ ಒಂದು ಸಲ ನೋಡಿ ಹೇಳಬೇಕು ಎಂದು ಟೋಪಿ ತೆಗೆದು ನಿಂತ.

ಹೋರೇಸ್ ತನಗೆ ಏನೂ ತಿಳಿಯದೆಂದು ಹೇಳಲೆಂದೇ ಬಾಯಿ ತೆರೆದ. ಆದರೆ ಸುತ್ತ ಆಗಲೇ ಜನ ಕೂಡಿದ್ದರು. ಪಾದ್ರಿ ಕಿಟಕಿಯಿಂದ ಇಣುಕುತ್ತಿದ್ದರು. ಡಾರ್ಕಸ್ ಕೈಯೊರೆಸಿಕೊಳ್ಳುತ್ತ ಹತ್ತಿರ ಬಂದಳು. ಆಂಬ್ರೋಸ್ ಗೌರವದಿಂದ ಎರಡು ಹೆಜ್ಜೆ ಹಿಂದೆ ಸರಿದು ಜಾಗ ಮಾಡಿಕೊಟ್ಟ. ರಸ್ತೆಯ ಪಕ್ಕ ವಿನಿಫ್ರೆಡ್ ಕಾರಿನ ಬಾಗಿಲು ತೆರೆದು ಹಿಡಿದು, ಹೋರೇಸ್, ಬಾ, ಈಗಲೇ ಬಾ ಎಂದು ಕರೆಯುತ್ತಿದ್ದಳು.

ಹೋರೇಸ್ ಹೂಜಿಯನ್ನು ತೆಗೆದುಕೊಂಡ. ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಹುಬ್ಬು ನಿಧಾನವಾಗಿ ಮೇಲೇರಿತು.

"ಎಡಗಡೆಗೆ ವಾಲುತ್ತೆ," ಎಂದ.